ಬದನೆ ಗಿಡದ ಸಿಂಪಿಗ

೧೧ ಜುಲೈ ೧೯೩೫, ಗುರುವಾರ
ಹೊಸಪೇಟೆ

ಈ ನೋಟುಪುಸ್ತಕದ ಮುಂದಿನ ಹಾಳೆಗಳಲ್ಲಿ ಪ್ರಕೃತಿ ಪಾಠದ ಟಿಪ್ಪಣಿ ಬರೆಯಬೇಕೆಂದು ಹೆಡ್‌ಮಿಸ್ಟ್ರೆಸ್ ಎಸ್ತರಮ್ಮನವರ ಅಪ್ಪಣೆ. ಹಿಂದಿನ ಹಾಳೆಗಳಿಂದ ನಾನು ನನ್ನ ಸಿಟ್ಟು ಬರೆಯುತ್ತೇನೆ. ಎರಡೂ ನಡುವೆ ಎಲ್ಲಾದರೂ ಡಿಕ್ಕಿ ಹೊಡೆದರೆ ಆಗ ನೋಡಿಕೊಳ್ಳೋಣ.

ಇವತ್ತು ಏಕಾದಶಿ. ಎಲ್ಲರ ಹೊಟ್ಟೆಯೂ ಖಾಲಿ ಇರುವ ದಿನವನ್ನೇ ಹುಡುಕಿ ಅಣ್ಣ ತೀರ್ಪು ಕೊಟ್ಟ. "ನೋಡು ತುಂಗಾ, ಬಳ್ಳಾರಿ ಟ್ರೇನಿಂಗ್ ಸಾಲಿಗೆ ನಿನ್ನ ಆರಿಸಿದರ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಆರಿಸಲಿಲ್ಲ ಅಂದ್ರ ಈ ಮಾಸ್ತರಿಕಿ ಇಲ್ಲಿಗೇ ಸಾಕು. ಮನ್ಯಾಗ ಕೆಲಸ ಏನ್ ಕಡಿಮಿ ಅದ?"

ಮನೆಯಲ್ಲಿ ಕೆಲಸ ಕಡಿಮೆ ಇಲ್ಲ, ನಿಜ. ಅಣ್ಣನ ಹೆಂಡತಿ, ವೈನಿ ಗಂಗಾಬಾಯಿ, ಈ ಚಾತುರ್ಮಾಸಕ್ಕೆ ಲಕ್ಷಬತ್ತಿಯ ಹರಕೆ ಹೊತ್ತಿದ್ದಾಳೆ, ಮಕ್ಕಳಾಗಲಿ ಅಂತ. ಹರಕೆ ಅವಳದು, ಬತ್ತಿ ಹೊಸೆಯುವ ಕೈ ನನ್ನದು. ಕಂಪ್ಲಿಯ ಅತ್ತೆಮನೆಯಿಂದ ಬೋಳು ಹಣೆ, ಕೆಂಪು ಸೀರೆ ಮಾಡಿಕೊಂಡು ಈ ಮನೆಗೆ ವಾಪಸು ಬಂದವಳಿಗೆ ಹತ್ತಿ, ಹೊಗೆ, ಮಡಿನೀರು ಇಷ್ಟೇ ಆಸ್ತಿ. ಶಾಲೆಯೊಂದು ಇರದಿದ್ದರೆ ನನಗೆ ಎಂದೋ ಹುಚ್ಚು ಹಿಡಿಯುತ್ತಿತ್ತು. ಅಲ್ಲಿ ಮೂರನೆಯ ಕ್ಲಾಸಿನ ಹುಡುಗಿಯರು ನನ್ನನ್ನು ಟೀಚರ್ ಅನ್ನುತ್ತಾರೆ. ಇಲ್ಲಿ ನಾನು "ಏ ಇಕಿ".

ಮುಂದಿನ ತಿಂಗಳು ಬಳ್ಳಾರಿಯಿಂದ ಇನ್ಸ್‌ಪೆಕ್ಟ್ರೆಸ್ ಬಂದು ನನ್ನ ಪಾಠ ನೋಡುತ್ತಾರೆ, ಆರಿಸುವುದು ಬಿಡುವುದು ಅವರ ಕೈಯಲ್ಲಿ. ಎಸ್ತರಮ್ಮ ವಿಷಯ ಆರಿಸಿ ಮೇಲಕ್ಕೆ ಕಳಿಸಿಯೂ ಆಯಿತು: ಸಿಂಪಿಗ ಹಕ್ಕಿ. ಎಲೆಗೆ ಎಲೆ ಹೊಲಿದು ಗೂಡು ಕಟ್ಟುವ ಹಕ್ಕಿ. ನಾನು ಈ ಜನ್ಮದಲ್ಲಿ ಗುಬ್ಬಿ, ಕಾಗೆ ಬಿಟ್ಟರೆ ಇನ್ನೊಂದನ್ನು ತಲೆ ಎತ್ತಿ ನೋಡಿಲ್ಲ.

೧೫ ಜುಲೈ, ಸೋಮವಾರ

ಸಿಕ್ಕಿತು! ಅದೂ ನಮ್ಮ ಹಿತ್ತಿಲಲ್ಲೇ.

ಶಾಕವ್ರತ ಹಿಡಿದ ಮೇಲೆ ಮನೆಯಲ್ಲಿ ಒಂದು ತಿಂಗಳು ಕಾಯಿಪಲ್ಲೆ ಮುಟ್ಟುವ ಹಾಗಿಲ್ಲ. ಬದನೆ ಮಡಿಯ ಕಡೆ ಯಾರೂ ಹೋಗುತ್ತಿಲ್ಲ, ಎಲೆಗಳು ಮೊರದಗಲ ಬೆಳೆದಿವೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಗಿಡದಲ್ಲಿ ಎರಡು ಎಲೆ ಒಂದಕ್ಕೊಂದು ಕೂಡಿಕೊಂಡಿದ್ದವು. ಬಗ್ಗಿ ನೋಡಿದರೆ ಅಂಚಿನುದ್ದಕ್ಕೂ ಬಿಳಿ ಹೊಲಿಗೆ. ಆ ಬಿಳಿ ಎಲ್ಲಿಯದು? ನನ್ನ ಹತ್ತಿ! ತಟ್ಟೆಯಲ್ಲಿ ಬತ್ತಿಗೆಂದು ಹಿಂಜಿಟ್ಟ ಹತ್ತಿಯನ್ನೇ ಕದ್ದಿದೆ ಕಳ್ಳಮುಂಡೇದು. ಮೇಲೆ ನಿಂಬೆ ಗಿಡದಲ್ಲಿ ಒಂದು ಸಣ್ಣ ಹಕ್ಕಿ ತನ್ನ ಗಾತ್ರಕ್ಕೆ ಮೀರಿದ ಗಂಟಲಲ್ಲಿ ಟುವೀಟ್ ಟುವೀಟ್ ಅಂತ ಒಂದೇ ಸಮನೆ ಕೂಗುತ್ತಿತ್ತು. ಹೊಲಿಗೆ ಇದೆ, ಹತ್ತಿ ಇದೆ, ಕೂಗೂ ಇದೆ. ಇನ್ನೇನು ಬೇಕು?

ಎಸ್ತರಮ್ಮನವರಿಗೆ ಹೇಳಿದೆ. ಅವರ ಮುಖ ಅರಳಿತು. "ಅವತ್ತು ಗೂಡನ್ನ ಟೊಂಗಿ ಸಮೇತ ಕಡಕೊಂಡು ಬರ್ರಿ ತುಂಗಾಬಾಯಿ. ಮೇಜಿನ ಮ್ಯಾಲ ಇಟ್ಟು ತೋರಿಸೋಣ." ಆಗಲಿ ಅಂದೆ. ಬದನೆ ಗಿಡ ತಾನೆ, ಕಡಿಯುವುದೇನು ಮಹಾ.

ವೈನಿಯ ಕಿವಿಗೆ ಬಿತ್ತು. "ಗೂಡಿಗೆ ಕೈ ಹಾಕೀ ಜ್ವಾಕಿ" ಅಂದಳು. ನನಗೆ ಬರುವ ಒಂದು ಒಳ್ಳೆಯದಕ್ಕೂ ಇವಳ ಅಡ್ಡಗಾಲು.

೨೭ ಜುಲೈ, ಶನಿವಾರ

ಎಲ್ಲ ಹಾಳಾಯಿತು. ಗೂಡಿನಲ್ಲಿ ಮೊಟ್ಟೆ ಇವೆ. ಕೆಂಪು!

ಕೆಂಪೆಂದರೆ ಅಂಥಿಂಥ ಕೆಂಪಲ್ಲ. ಜಂಬುನಾಥನ ಗುಡ್ಡದ ಮಣ್ಣು ಬಳಿದು ಮೇಲೆ ಎಣ್ಣೆ ಸವರಿದ ಹಾಗೆ ಮಿರಿಮಿರಿ ಹೊಳೆಯುತ್ತವೆ. ಶಾಲೆಯ ಪಾಠಪುಸ್ತಕದಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ: ಸಿಂಪಿಗ ಹಕ್ಕಿಯ ಮೊಟ್ಟೆ ತಿಳಿನೀಲಿ, ಮೇಲೆ ಚುಕ್ಕೆ. ಇವುಗಳಲ್ಲಿ ನೀಲಿಯೂ ಇಲ್ಲ, ಚುಕ್ಕೆಯೂ ಇಲ್ಲ. ಎರಡು ದಿನ ಬಿಟ್ಟರೆ ಬಣ್ಣ ತಿಳಿಯಾಗಬಹುದೇ ಅಂತ ಯೋಚಿಸಿದೆ. ಮೊಟ್ಟೆಯೇನು ಮಾವಿನಕಾಯಿಯೇ?

ಎಸ್ತರಮ್ಮನವರ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಕೋಗಿಲಿ ಬಂದು ಇಟ್ಟು ಹೋಗಿರಬೇಕು, ಇಲ್ಲಾ ಪುಸ್ತಕ ತಪ್ಪಿರಬೇಕು, ಇಲ್ಲಾ ನಿಮ್ಮ ಕಣ್ಣು." ಮೂರರಲ್ಲಿ ಯಾವುದೆಂದು ನಾನೇ ಕಂಡುಹಿಡಿಯಬೇಕಂತೆ. ಗೂಡಿಗೆ ಬರುವ ಹಕ್ಕಿಯ ತಲೆ ನೋಡಬೇಕು. ಸಿಂಪಿಗನ ತಲೆಯ ಮೇಲೆ ಕೆಂಪು ಟೊಪ್ಪಿಗೆ ಇರುತ್ತದೆ ಅಂತ ಪುಸ್ತಕ ಹೇಳುತ್ತದೆ. ಚಿತ್ರವೂ ಇದೆ, ಕಪ್ಪು ಶಾಯಿಯಲ್ಲಿ. ಕಪ್ಪು ಶಾಯಿಯಲ್ಲಿ ಕೆಂಪು ಟೊಪ್ಪಿಗೆ ಹೇಗೆ ಕಾಣಬೇಕೋ ಬರೆದ ಪುಣ್ಯಾತ್ಮನೇ ಹೇಳಬೇಕು.

೩೦ ಜುಲೈ, ಮಂಗಳವಾರ

ಒಗೆಯುವ ಕಲ್ಲಿನ ಮೇಲೆ ಬತ್ತಿಯ ತಟ್ಟೆ ಇಟ್ಟುಕೊಂಡು ಕೂತೆ. ಹಕ್ಕಿ ಬರುತ್ತದೆ, ಆದರೆ ಕಣ್ಣು ಮಿಟುಕಿಸುವುದರೊಳಗೆ ಎಲೆಯ ಹಿಂದೆ. ಬಾಲ ನಿಗುರಿಸಿದ್ದು ಕಂಡಿತು, ತಲೆ ಕಾಣಲಿಲ್ಲ. ಮತ್ತೆ ಬಂತು, ಬಾಲವೇ ಕಂಡಿತು. ದೇವರು ಇದಕ್ಕೆ ತಲೆಯನ್ನೇ ಕೊಟ್ಟಿಲ್ಲವೇನೋ. ಈ ಹಿತ್ತಿಲಲ್ಲಿ ತಲೆಯ ಮೇಲೆ ಕೆಂಪು ಹೊದ್ದವಳು ನಾನೊಬ್ಬಳೇ.

ವೈನಿ ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು "ಇವತ್ತು ಬಂತೇನು?" ಅಂತ ಕೇಳುತ್ತಾಳೆ. ಹಂಗಿಸುವುದಕ್ಕೆ ಬೇರೆ ಹೊತ್ತು ಸಿಗುವುದಿಲ್ಲ ಇವಳಿಗೆ. ಬತ್ತಿ ಎಷ್ಟಾದವು ಅಂತ ನೋಡಲಿಕ್ಕೂ ಬಂದಿರಬೇಕು.

೨ ಆಗಸ್ಟ್, ಶುಕ್ರವಾರ

ಕೆಂಪು ಟೊಪ್ಪಿಗೆ! ಕಣ್ಣಾರೆ ಕಂಡೆ! ನಿಂಬೆಯ ಕೆಳಗಿನ ಟೊಂಗೆಯಲ್ಲಿ ಕೂತು ಕೂಗುತ್ತಿತ್ತು, ಬಿಸಿಲು ನೇರ ತಲೆಯ ಮೇಲೆ. ಬೆನ್ನು ಹಸಿರು, ಹೊಟ್ಟೆ ಬಿಳಿ, ನೆತ್ತಿ ಕೆಂಪು. ಪುಸ್ತಕದಲ್ಲಿದ್ದ ಹಾಗೇ. ಮೊಟ್ಟೆಯ ಬಣ್ಣದ ಗೊಡವೆ ಯಾರಿಗೆ ಬೇಕು, ಅವು ಕೋಗಿಲೆಯವೇ ಇರಲಿ. ಬಳ್ಳಾರಿಗೆ ಒಯ್ಯುವ ಟ್ರಂಕಿನ ಬೀಗಕ್ಕೆ ಎಣ್ಣೆ ಹಾಕಿದೆ.

೩ ಆಗಸ್ಟ್, ಶನಿವಾರ

ಗೂಡಿನೊಳಗೆ ಹೋದದ್ದರ ತಲೆ ಬೂದಿ ಬಣ್ಣ. ಕೆಂಪಿಲ್ಲ. ಸರಿಯಾಗಿ ನೋಡಿದೆ. ಇವತ್ತು ಇನ್ನೇನೂ ಬರೆಯುವುದಿಲ್ಲ.

೬ ಆಗಸ್ಟ್, ಮಂಗಳವಾರ

ನಿನ್ನೆ ಮೊನ್ನೆ ನನಗೆ ಬಂದ ಸಿಟ್ಟಿಗೆ ಎರಡು ಕುಡಿಕೆ ಒಡೆದವು. ಒಂದೇ ಹಕ್ಕಿ ಒಂದು ದಿನ ಕೆಂಪು, ಒಂದು ದಿನ ಬೂದಿ ಆಗುತ್ತದೆಯೇ? ಗಂಡು ಒಂದು ಬಣ್ಣ, ಹೆಣ್ಣು ಒಂದು ಬಣ್ಣವೇ? ಹಾಗೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳುವವಳಿದ್ದೆ. ಅಷ್ಟರಲ್ಲಿ ಇವತ್ತು ಮಧ್ಯಾಹ್ನ ಎರಡೂ ಒಟ್ಟಿಗೆ ಸಿಕ್ಕವು.

ನಾನು ಕಲ್ಲಿನ ಮೇಲೆ ಬತ್ತಿ ಹೊಸೆಯುತ್ತಿದ್ದೆ. ಕೆಂಪು ಟೊಪ್ಪಿಗೆಯದು ನಿಂಬೆಯಿಂದ ಇಳಿದು ತಟ್ಟೆಯ ಅಂಚಿಗೇ ಬಂತು, ನನ್ನನ್ನು ಕಂಬ ಅಂದುಕೊಂಡಿರಬೇಕು. ಹತ್ತಿಯ ಎಳೆ ಕಚ್ಚಿ ಎಳೆಯಿತು. ಬದನೆ ಗಿಡದಿಂದ ಬೂದಿಯದು ಧಡಕ್ಕನೆ ಎದ್ದು ಬಂತು. ಹಾರುವಾಗ ಚಟ್ ಚಟ್ ಅಂತ ಸದ್ದು, ನೆಟಿಗೆ ಮುರಿದ ಹಾಗೆ. ಎರಡೂ ತಟ್ಟೆಯ ಆಚೆ ಈಚೆ ನಿಂತು ಜಗಳ ತೆಗೆದವು. ನಾನು ಉಸಿರು ಬಿಗಿಹಿಡಿದು ನೋಡಿದೆ. ಒಂದಕ್ಕೆ ನೆತ್ತಿ ಕೆಂಪು, ಬೆನ್ನು ಹಸಿರು, ಹೊಟ್ಟೆ ಬಿಳಿ. ಇನ್ನೊಂದಕ್ಕೆ ತಲೆ ಬೆನ್ನು ಎಲ್ಲ ಒಲೆಯ ಬೂದಿ, ಹೊಟ್ಟೆ ಗೋಧಿ ಹಿಟ್ಟು ಹುರಿದ ಬಣ್ಣ, ಕಣ್ಣು ಕೆಂಪು, ಉದ್ದ ಬಾಲದ ತುದಿಯಲ್ಲಿ ಕಪ್ಪು ಬಿಳಿ ಚುಕ್ಕೆ. ಗಾತ್ರ ಒಂದೇ, ಬಾಲ ನಿಗುರಿಸುವ ಡೌಲೂ ಒಂದೇ. ಕೊನೆಗೆ ಕೆಂಪುಟೊಪ್ಪಿಗೆ ಹತ್ತಿ ಕಚ್ಚಿಕೊಂಡು ಗೋಡೆ ದಾಟಿ ಪಕ್ಕದ ಮನೆಯ ಅಂಜೂರ ಗಿಡಕ್ಕೆ ಹೋಯಿತು. ಅದರ ಗೂಡು ಅಲ್ಲಿ! ಬೂದಿಯದು ಬದನೆಯೊಳಗೆ ತನ್ನ ಕೆಂಪು ಮೊಟ್ಟೆಗಳ ಮೇಲೆ ಹೋಗಿ ಕೂತಿತು.

ಎರಡೂ ಎಲೆ ಹೊಲಿಯುತ್ತವೆ. ಎರಡೂ ನನ್ನ ಹತ್ತಿಯನ್ನೇ ಕದಿಯುತ್ತವೆ. ನಾನು ಮೇಲೆ ಕೂಗಿದವನನ್ನು ಕೆಳಗಿನ ಮನೆಯ ಯಜಮಾನ ಅಂದುಕೊಂಡಿದ್ದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು ನನ್ನ ಬುದ್ಧಿ. ಹೊಲಿದವರೆಲ್ಲ ಸಿಂಪಿಗರೇ? ಹರಿದ ಸೀರೆ ನಾನೂ ಹೊಲಿಯುತ್ತೇನೆ.

ಖುಷಿಯಾಗಿದೆ, ಸುಳ್ಳೇಕೆ ಹೇಳಲಿ. ಇಷ್ಟು ಖುಷಿ ನನಗೆ ಯಾವತ್ತು ಆಗಿತ್ತೋ ನೆನಪಿಲ್ಲ. ಆಮೇಲೆ ಪಾಠದ ನೆನಪಾಯಿತು.

೭ ಆಗಸ್ಟ್, ಬುಧವಾರ

ಎಸ್ತರಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. "ವಿಷಯ ಮ್ಯಾಲ ಹೋಗಿಬಿಟ್ಟದ, ಬದಲ್ ಮಾಡ್ಲಿಕ್ಕೆ ಬರಂಗಿಲ್ಲ. ಎಲಿ ಹೊಲಿದದ್ದು ಕಾಣ್ತದಲ್ಲ, ಸಾಕು. ಇದು ಸಿಂಪಿಗ ಅಲ್ಲಂತ ಇನ್ಸ್‌ಪೆಕ್ಟ್ರೆಸ್‌ಗೆ ಯಾರು ಹೇಳ್ತಾರ? ಹಕ್ಕಿ ಹೇಳ್ತದೇನು?"

"ಹುಡುಗ್ಯಾರಿಗೆ ಸುಳ್ಳು ಹೇಳಿದಂಗ ಆಗ್ತದಲ್ರಿ."

"ಟ್ರೇನಿಂಗ್ ಮುಗಿಸಿ ಬಂದ ಮ್ಯಾಲ ಖರೇ ಹೇಳ್ರಿ. ಆಗ ಯಾರ್ ಬ್ಯಾಡ ಅಂತಾರ?"

ಅವರು ಕೆಟ್ಟವರಲ್ಲ. ನಾನು ಮುಂದೆ ಹೋಗಲಿ ಅಂತಲೇ ಹೇಳಿದ್ದು. ಅದಕ್ಕೇ ಇನ್ನಷ್ಟು ಸಿಟ್ಟು. ಹದಿನೈದು ನಿಮಿಷದ ಪಾಠ, ಒಂದು ಸಣ್ಣ ಸುಳ್ಳು, ಆಮೇಲೆ ಜನ್ಮವಿಡೀ ಬತ್ತಿ ಇಲ್ಲ, ಹೊಗೆ ಇಲ್ಲ, "ಏ ಇಕಿ" ಇಲ್ಲ. ಹೇಳಿಬಿಡುತ್ತೇನೆ. ಹಕ್ಕಿಗೇನು ಓದು ಬರುತ್ತದೆಯೇ, ಬರಹ ಬರುತ್ತದೆಯೇ?

೧೦ ಆಗಸ್ಟ್, ಶನಿವಾರ

ಶಾಕವ್ರತ ಮುಗಿಯಿತು. ಅಣ್ಣ ಒಂದು ತಿಂಗಳಿಂದ ಬದನೆ ಎಣ್ಣೆಗಾಯಿಯ ಜಪ ಮಾಡುತ್ತಿದ್ದ. ಬೆಳಿಗ್ಗೆ ಎದ್ದವನೇ ಹಿತ್ತಲಿಗೆ ಹೊರಟ. ಮಡಿ ಕೆದಕಿ, ಮುದಿ ಗಿಡ ಕಿತ್ತು, ಕಾಯಿ ತರುತ್ತೇನೆಂದ. ಗೂಡು ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ವೈನಿ ಒಳಗಿಂದ, "ಬದನಿಕಾಯಿ ನಾ ಈ ಚಾತುರ್ಮಾಸ ಪೂರ್ತಿ ಬಿಟ್ಟೀನಿ. ಲಕ್ಷಬತ್ತಿ ಮುಗಿಯೋ ತನಕ ಆ ಮಡಿಗೆ ಯಾರೂ ಕೈ ಹಚ್ಚಬ್ಯಾಡ್ರಿ" ಅಂದಳು.

ಅಣ್ಣ ಮುಖ ಗಂಟು ಹಾಕಿಕೊಂಡು ಸಾರನ್ನ ಉಂಡ. ಬದನೆ ಅಂದರೆ ಬಾಯಿ ಬಿಡುವವಳು ಇವಳು! ಈ ಮನೆಯಲ್ಲಿ ಇವಳ ವ್ರತಗಳಿಗೆ ಕೊನೆಯೇ ಇಲ್ಲ, ಒಂದು ಮುಗಿದರೆ ಇನ್ನೊಂದು. ನನಗೂ ಎಣ್ಣೆಗಾಯಿಯ ಆಸೆಯಿತ್ತು. ಗೂಡೊಂದು ಉಳಿಯಿತು, ಅದೇ ಲಾಭ.

ಮೊಟ್ಟೆ ಒಡೆದು ಮರಿ ಬಂದಿವೆ. ಮೈಮೇಲೆ ಬಟ್ಟೆ ಇಲ್ಲದ ಹಾಗಿವೆ, ಬಾಯಿಯೇ ಎಲ್ಲ.

೧೩ ಆಗಸ್ಟ್, ಮಂಗಳವಾರ

ಶುಕ್ರವಾರ ಇನ್ಸ್‌ಪೆಕ್ಷನ್. ಗೂಡು ಯಾವಾಗ ತರುತ್ತೀರಿ ಅಂತ ಎಸ್ತರಮ್ಮ ಕೇಳಿದರು. ತರುತ್ತೇನೆ ಅಂದೆ. ಸಂಜೆ ಕುಡುಗೋಲು ಹಿಡಿದು ಗಿಡದ ಹತ್ತಿರ ಹೋದದ್ದೂ ನಿಜ. ತಾಯಿಹಕ್ಕಿ ಹುಳ ಕಚ್ಚಿಕೊಂಡು ಬಂದು ನನ್ನ ಮೇಲೆ ಚಟ್ ಚಟ್ ಅಂತ ರೇಗಿತು. ಕುಡುಗೋಲು ಮೊಂಡಾಗಿದೆ. ನಾಳೆ ನೋಡೋಣ.

೧೬ ಆಗಸ್ಟ್, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆದುಬಿಡುತ್ತೇನೆ.

ಇವತ್ತು ರಾಯರ ಆರಾಧನೆ. ಅಣ್ಣ ಬೆಳಗ್ಗೆಯೇ ಮಠಕ್ಕೆ ಹೋದ. ವೈನಿಯೂ ಮಠದ ಅಡುಗೆಗೆ ಹೋಗಬೇಕಿತ್ತು. ತಲೆ ಸಿಡಿಯುತ್ತದೆ ಅಂತ ಮಲಗಿಬಿಟ್ಟಳು. ವರ್ಷಕ್ಕೊಮ್ಮೆ ಬರುವ ಆರಾಧನೆಯ ದಿನವೇ ತಲೆನೋವು! ನಾನು ಗೂಡು ಮುಟ್ಟದೆ ಬರಿಗೈಯಲ್ಲಿ ಶಾಲೆಗೆ ಹೋದೆ.

ಎಸ್ತರಮ್ಮ ಬಾಗಿಲಲ್ಲೇ ನಿಂತಿದ್ದರು. ನಾನು ತರಲಾರೆನೆಂದು ಅವರಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ. ಮನೆಮನೆಯಿಂದ ಹುಡುಗಿಯರನ್ನು ಶಾಲೆಗೆ ಕರೆತರುವ ಜಂಬಕ್ಕನನ್ನೇ ಕುಡುಗೋಲು ಕೊಟ್ಟು ನಮ್ಮ ಹಿತ್ತಲಿಗೆ ಅಟ್ಟಿದ್ದರು. ನಾನು ಮುಂಬಾಗಿಲಿಂದ ಹೊರಟಾಗ ಅವಳು ಹಿತ್ತಲ ಬಾಗಿಲಲ್ಲಿದ್ದಿರಬೇಕು. ಅವಳೂ ಬರಿಗೈಯಲ್ಲಿ ಬಂದಳು. "ನಿಮ್ಮ ವೈನಿಯಾರು ಬಾಗಲಕ್ಕ ಅಡ್ಡ ನಿಂತು, ಇವತ್ತು ಮಡಿ ಐತಿ, ಯಾರೂ ಕಾಲಿಡಂಗಿಲ್ಲ ಅಂದ್ರವ್ವ. ಕುಡುಗೋಲು ನೋಡಿ ನನ್ನ ಮ್ಯಾಲೇ ಏರಿ ಬಂದ್ರು. ತಲಿನೋವಿನವರು ಹಂಗ ಒದರ್ತಾರೇನು?" ಅಂತ ಗೊಣಗಿದಳು. ವೈನಿಯ ಮಡಿ ನನಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಇನ್ಸ್‌ಪೆಕ್ಟ್ರೆಸ್ ಹಿಂದಿನ ಬೆಂಚಿನಲ್ಲಿ ಕೂತರು. ಮದರಾಸಿನ ಕಡೆಯವರು, ಬಿಳಿ ಸೀರೆ, ಮಡಚಿದ ಕೊಡೆ. ಪುಸ್ತಕದಲ್ಲಿದ್ದಂತೆ ಹೇಳಿಬಿಡಬೇಕೆಂದೇ ನಾನು ನಿಂತೆ. "ಎಲೆ ಹೊಲಿದು ಗೂಡು ಕಟ್ಟುವ ಹಕ್ಕಿ ಯಾವುದು?" ಅಂತ ಕೇಳಿದೆ. ಇಡೀ ಕ್ಲಾಸು ಒಂದೇ ಗಂಟಲಲ್ಲಿ "ಸಿಂಪಿಗ ಹಕ್ಕಿ!" ಅಂತ ಕೂಗಿತು. ನಾನು ಹೇಳಿಕೊಟ್ಟದ್ದೇ. ಆ ಮುಖಗಳು ನನ್ನನ್ನು ಎಷ್ಟು ನಂಬಿ ಕೂತಿದ್ದವು! ನನ್ನ ಬಾಯಿಂದ "ಅದೊಂದೇ ಅಲ್ಲ" ಅಂತ ಬಂದುಬಿಟ್ಟಿತು.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಹಲಗೆಯ ಮೇಲೆ ಎರಡೂ ಹಕ್ಕಿ ಬರೆದೆ, ನನ್ನ ತಪ್ಪನ್ನೂ ಹೇಳಿದೆ. ಇನ್ಸ್‌ಪೆಕ್ಟ್ರೆಸ್ ಎದ್ದು, "ಗೂಡು ಎಲ್ಲಿದೆ? ನೋಡಬೇಕು" ಅಂದರು. ನಮ್ಮ ಮನೆ ಶಾಲೆಯ ಹಿಂದಿನ ಓಣಿಯಲ್ಲೇ. ಕ್ರೈಸ್ತರಾದ ಎಸ್ತರಮ್ಮ, ಜೊತೆಗೆ ಇನ್ಸ್‌ಪೆಕ್ಟ್ರೆಸ್, ಅವರ ಹಿಂದೆ ಎಲ್ಲ ಜಾತಿಯ ಹುಡುಗಿಯರ ಸಾಲು, ಅದೂ ಆರಾಧನೆಯ ದಿನ! ಹಿತ್ತಲ ಬಾಗಿಲು ಒಳಗಿಂದ ಅಗಳಿ ಹಾಕಿತ್ತು. ಬಡಿಯಲು ಕೈ ಎತ್ತಿದೆ, ಇಳಿಸಿದೆ. ಅಷ್ಟರಲ್ಲಿ ಅಗಳಿ ಸರಿದ ಸದ್ದಾಯಿತು. ವೈನಿ ಬಾಗಿಲು ಹಾರುಹೊಡೆದು ಪಕ್ಕಕ್ಕೆ ನಿಂತಳು. "ಬರ್ರಿ. ಸಾವಕಾಶ ಬರ್ರಿ, ಮರಿ ಅವ" ಅಂದಳು. ಬೆಳಿಗ್ಗೆ ಮಡಿ, ಮಧ್ಯಾಹ್ನ ಮಡಿಯಿಲ್ಲ. ಇವಳದು ಯಾವ ಪಂಚಾಂಗವೋ.

ಹುಡುಗಿಯರು ಉಸಿರೆತ್ತದೆ ಕೂತರು. ನಿಂಬೆಯಲ್ಲಿ ಕೂಗು ಕೇಳಿದ ಕೂಡಲೆ ಉಚ್ಚೆಂಗಮ್ಮ ಅನ್ನುವ ಹುಡುಗಿ, "ಟೀಚರ್, ಅದು ಬ್ಯಾರೇದು! ಟೊಪ್ಪಿಗಿ ಐತಿ!" ಅಂತ ಪಿಸುಗುಟ್ಟಿದಳು. ಬೂದಿಯದು ಬಂದು ಮರಿಗೆ ಹುಳ ಕೊಟ್ಟು ಹೋಯಿತು. ಇನ್ಸ್‌ಪೆಕ್ಟ್ರೆಸ್ ಬಗ್ಗಿ ಹೊಲಿಗೆ ನೋಡಿದರು.

"ಇದು ಸಿಂಪಿಗ ಅಲ್ಲವಾದರೆ ಇದರ ಹೆಸರೇನು?"

"ನನಗೆ ಗೊತ್ತಿಲ್ಲರಿ."

"ಗೊತ್ತಿಲ್ಲವೇ?"

"ಯಾವುದು ಅಲ್ಲ ಅನ್ನೋದು ಗೊತ್ತದರಿ. ಯಾವುದು ಅನ್ನೋದು ಇನ್ನೂ ಗೊತ್ತಿಲ್ಲ."

ಎಸ್ತರಮ್ಮ ಕಣ್ಣು ಮುಚ್ಚಿಕೊಂಡರು. ಇನ್ಸ್‌ಪೆಕ್ಟ್ರೆಸ್ ಏನೋ ಬರೆದುಕೊಂಡು ಕೊಡೆ ಬಿಚ್ಚಿದರು.

೧೭ ಆಗಸ್ಟ್, ಶನಿವಾರ

ಓಣಿಯವರು ಅಣ್ಣನ ಕಿವಿಗೆ ಮುಟ್ಟಿಸಿದ್ದಾರೆ. ಮನೆಯಲ್ಲಿ ರಣರಂಗ. "ಹಿತ್ತಲ ಬಾಗಲಾ ಯಾರು ತಗದ್ರು?" ಅಂತ ಕೂಗಿದ. ನಾನೇ ಅಂದೆ. ಯಾಕೆ ಹಾಗೆ ಅಂದೆನೋ. ಯಾವಾಗಲೂ ಬಾಗಿಲ ಮರೆಯಲ್ಲಿ ನಿಂತು ಉತ್ತರ ಕೊಡುವವಳು ಇವತ್ತು ಪಡಸಾಲೆಯ ನಡುವೆ ನಿಂತಿದ್ದೆ, ಅದೂ ಆಮೇಲೆ ಲಕ್ಷ್ಯಕ್ಕೆ ಬಂತು. ವೈನಿ ಕಂಬದ ಹಾಗೆ ನಿಂತು ಕೇಳಿಸಿಕೊಂಡಳು.

ಹಿತ್ತಲಿಗೆಲ್ಲ ಗೋಮೂತ್ರ ಚಿಮುಕಿಸಿದ್ದಾಯಿತು. ಮರಿಗಳ ಮೇಲೆ ಬೀಳದ ಹಾಗೆ ನಾನೇ ನಿಂತು ಚಿಮುಕಿಸಿದೆ.

೨೮ ಆಗಸ್ಟ್, ಬುಧವಾರ

ಬಂತು. ಬಳ್ಳಾರಿಯ ಕಾಗದವನ್ನು ಎಸ್ತರಮ್ಮ ಓದಿ ಹೇಳಿದರು. ಒಪ್ಪಿಸಿದ ವಿಷಯ ಬಿಟ್ಟು ಪಾಠ ಮಾಡಿದರು, ಮಕ್ಕಳೆದುರು ತಮಗೆ ಗೊತ್ತಿಲ್ಲವೆಂದರು, ಈ ವರ್ಷ ಟ್ರೇನಿಂಗಿಗೆ ಬೇಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಕ್ಲಾಸು ನಿಮ್ಮದೇ ಇರ್ತದ, ಮುಂದಿನ ವರ್ಷ ನೋಡೋಣ" ಅಂದರು ಎಸ್ತರಮ್ಮ. ಮುಂದಿನ ವರ್ಷದ ತನಕ ನನ್ನನ್ನು ಮನೆಯಿಂದ ಬಿಡುವವರು ಯಾರು? ದಾರಿಯುದ್ದಕ್ಕೂ ಅತ್ತೆ. ಒಂದು ಸುಳ್ಳು ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ಮೂರ್ಖಳು.

ಸಂಜೆ ಅಣ್ಣ, "ಮುಗೀತಲ್ಲ? ನಾಳಿಂದ ಸಾಲಿ ಬ್ಯಾಡ" ಅಂದ. ನಾನು ಗೋಡೆ ನೋಡುತ್ತಿದ್ದೆ. ವೈನಿ ಸೌಟು ಹಿಡಿದೇ ಅಡುಗೆ ಮನೆಯಿಂದ ಹೊರಗೆ ಬಂದಳು.

"ಅಕಿ ಸಾಲಿಗೆ ಹೋಗಲಿ."

"ಲಕ್ಷಬತ್ತಿ ಯಾರ್ ಮಾಡ್ತಾರ?"

"ಹರಕಿ ನಂದು. ನಾ ಮಾಡ್ತೀನಿ."

"ಕಂಡಕಂಡವರಿಗೆ ಹಿತ್ತಲ ಬಾಗಲಾ ತಗದಾಕಿ ಇಕಿ. ಅದನ್ನ ಮರತಿಯೇನು?"

"ಬಾಗಲಾ ತಗದದ್ದು ನಾನು" ಅಂದಳು ವೈನಿ. "ಅಕಿ ಸುಳ್ಳು ಹೇಳ್ಯಾಳ. ಹೇಳಲಿಕ್ಕೆ ಬರಂಗಿಲ್ಲ ಅಕಿಗೆ, ಹಂಗಾದ್ರೂ ಹೇಳ್ಯಾಳ. ಉಣ್ಣಲಿಕ್ಕೆ ಏಳ್ರಿ."

ಅಣ್ಣ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಎದ್ದು ಕೈ ತೊಳೆಯಲು ಹೋದ.

೩ ಸೆಪ್ಟೆಂಬರ್, ಮಂಗಳವಾರ

ಶಾಲೆಗೆ ಹೋಗಿ ಬಂದೆ. ಹುಡುಗಿಯರಿಗೆ ಈಗ ಒಂದೇ ಹುಚ್ಚು, ಬೂದಿಯದೋ ಟೊಪ್ಪಿಗೆಯದೋ ಅಂತ ಬೇಲಿ ಬೇಲಿಯಲ್ಲಿ ಜಗಳ. ಲೆಕ್ಕ ಒಂದು ಸರಿ ಮಾಡುವುದಿಲ್ಲ. ಬಳ್ಳಾರಿಯ ಟ್ರಂಕನ್ನು ಇನ್ನೂ ಮೂಲೆಯಿಂದ ಎತ್ತಿಟ್ಟಿಲ್ಲ.

ಬದನೆಯ ಮರಿಗಳು ಹಾರಿಹೋಗಿವೆ. ಇನ್ನೊಂದು ಗಿಡದಲ್ಲಿ ಹೊಸದಾಗಿ ಹೊಲಿಗೆ ಶುರುವಾಗಿದೆ. ಸಂಜೆ ಮನೆಗೆ ಬಂದಾಗ ವೈನಿ ಒಗೆಯುವ ಕಲ್ಲಿನ ಮೇಲೆ ಹತ್ತಿಯ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಅವಳು ಹೊಸೆದ ಬತ್ತಿ ನೋಡಬೇಕು, ಹೆಬ್ಬೆರಳಿನಷ್ಟು ದಪ್ಪ. ಮನೆಯ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತವೆ. ಹೇಳಬೇಕೆಂದು ಹೊರಟೆ. ತಟ್ಟೆಯ ಅಂಚಿನಲ್ಲಿ ಹಕ್ಕಿಯೊಂದು ಕೂತು ಹತ್ತಿ ಎಳೆಯುತ್ತಿತ್ತು. ವೈನಿ ಕೈ ಅಲ್ಲಾಡಿಸದೆ, ಕಣ್ಣು ಮಿಟುಕಿಸದೆ ಕೂತಿದ್ದಳು. ಅದು ಹೋಗುವ ತನಕ ನಾನೂ ಬಾಗಿಲಲ್ಲೇ ನಿಂತೆ.

"ಇವತ್ತು ಬಂತೇನು?" ಅಂತ ಕೇಳಿದೆ.

"ಎರಡೂ ಬಂದಿದ್ದವು" ಅಂದಳು ವೈನಿ. "ಮೊದಲ ಟೊಪ್ಪಿಗಿದು. ಈಗ ಹೋತಲ್ಲ, ಅದು ನಮ್ಮದು."

ಅವಳ ಪಕ್ಕ ಹೋಗಿ ಕೂತೆ. ಬತ್ತಿ ದಪ್ಪವಾದದ್ದನ್ನು ಹೇಳಲಿಲ್ಲ.